ನಿಮಿಷಕ್ಕೆ ನಲವತ್ತೆರಡು ಹನಿ

ಗಣಿತದ ಟೀಚರಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದು ೧೯೬೨ನೆಯ ಇಸವಿ ಜೂನ್ ೧೧, ಸೋಮವಾರ. ನಿವೃತ್ತರಾದದ್ದು ೧೯೯೬ನೆಯ ಇಸವಿ ಮೇ ೩೧, ಶುಕ್ರವಾರ. ಬೀಳ್ಕೊಡುಗೆಯ ಸಭೆಯಲ್ಲಿ ಮುಖ್ಯೋಪಾಧ್ಯಾಯರು ‘ಸುಮಾರು ಮೂವತ್ತನಾಲ್ಕು ವರ್ಷಗಳ ಸೇವೆ’ ಎಂದು ಹೊಗಳಿದಾಗ, ವೇದಿಕೆಯ ಮೇಲೆ ಕುಳಿತಿದ್ದ ಟೀಚರಮ್ಮ ಎದ್ದುನಿಂತು, “ಮೂವತ್ತಮೂರು ವರ್ಷ, ಹನ್ನೊಂದು ತಿಂಗಳು, ಇಪ್ಪತ್ತೊಂದು ದಿನ” ಎಂದು ತಿದ್ದಿ, ಸೆರಗು ಸರಿಪಡಿಸಿಕೊಂಡು ಮತ್ತೆ ಕುಳಿತರು.

ಶಾಲೆಯ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ನಿಮಿಷದಮ್ಮ. ಕರಿಹಲಗೆಯ ಮೇಲೆ ಲೆಕ್ಕ ಬರೆದು, ಅದರ ಪಕ್ಕದಲ್ಲಿ ಒಂದು ಪುಟ್ಟ ವೃತ್ತ ಎಳೆದು, ಆ ಲೆಕ್ಕಕ್ಕೆ ತಗಲಬೇಕಾದ ನಿಮಿಷಗಳನ್ನು ವೃತ್ತದೊಳಗೆ ಬರೆಯುವುದು ಅವರ ಪದ್ಧತಿ. ಉತ್ತರ ಸರಿಯಿದ್ದು ಕ್ರಮ ತಪ್ಪಿದ್ದರೆ ಅರ್ಧ ಅಂಕ. ಕ್ರಮವೇ ಇಲ್ಲದಿದ್ದರೆ ಸೊನ್ನೆ. ಅತ್ತು ಕರೆದರೂ ಆ ಸೊನ್ನೆ ಕರಗುತ್ತಿರಲಿಲ್ಲ.

ಮದುವೆಯಾಗದ ಟೀಚರಮ್ಮ ಇದ್ದದ್ದು ಅಕ್ಕ ಭಾವನ ಮನೆಯಲ್ಲಿ. ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ಎಂಟು ವರ್ಷದ ಹಿಂದೆಯೇ ನಿವೃತ್ತಳಾಗಿದ್ದಳು. ಮನೆಯಲ್ಲಿ ಕುಳಿತ ಎರಡು ತಿಂಗಳಲ್ಲಿ ಟೀಚರಮ್ಮ ಭಾವನವರ ಪತ್ರಿಕೆಯ ಪದಬಂಧ ತಿದ್ದಿದರು, ಹಾಲಿನವನು ಬರುವ ವೇಳೆಯನ್ನು ಗೋಡೆಯ ಮೇಲೆ ಗುರುತು ಹಾಕಿದರು, ಕುಕ್ಕರಿನ ಸೀಟಿಗೂ ಸೀಟಿಗೂ ನಡುವೆ ಎಷ್ಟು ಅಂತರ ಎಂಬುದನ್ನು ಕಂಡುಹಿಡಿದರು.

“ನೋಡೇ,” ಎಂದಳು ಅಕ್ಕ ಒಂದು ಬೆಳಗ್ಗೆ, “ನೀನು ಎಲ್ಲಾದರೂ ಹೋಗಿ ಯಾರಿಗಾದರೂ ಪಾಠ ಹೇಳು. ಇಲ್ಲದಿದ್ರೆ ನಿಮ್ಮ ಭಾವ ಮನೆ ಬಿಟ್ಟು ಹೋಗ್ತಾರೆ, ನಾನೂ ಅವರ ಹಿಂದೆ ಹೋಗ್ತೀನಿ.”

ಆಗಸ್ಟ್ ೨ರ ಪತ್ರಿಕೆಯಲ್ಲಿ ಒಂದು ಸೇವಾ ಸಂಸ್ಥೆಯ ಪ್ರಕಟಣೆ ಇತ್ತು: ಹೊರದೇಶದಲ್ಲಿ ಪಾಠ ಹೇಳಲು ನಿವೃತ್ತ ಶಿಕ್ಷಕರು ಬೇಕು, ಅವಧಿ ಒಂಬತ್ತು ತಿಂಗಳು, ಸಂಬಳವಿಲ್ಲ, ಊಟ ವಸತಿ ಉಂಟು. ಅಕ್ಕ ತಮಾಷೆಗೆ ಆಡಿದ ಮಾತನ್ನು ತಂಗಿ ನಿಜ ಮಾಡಿದರು. ಸೆಪ್ಟೆಂಬರ್ ೧೧, ಬುಧವಾರ, ಒಂದು ಪೆಟ್ಟಿಗೆ, ಒಂದು ಕೈಚೀಲ ಹಿಡಿದು ವಿಮಾನ ಹತ್ತಿದರು. ಕೈಚೀಲದಲ್ಲಿ ಅಕ್ಕ ತನ್ನ ತರಬೇತಿಯ ದಿನಗಳಲ್ಲಿ ಬರೆದಿಟ್ಟಿದ್ದ ನೋಟ್‌ಬುಕ್ ಇತ್ತು. ಏಕೆಂದರೆ ಟೀಚರಮ್ಮ ಅಲ್ಲಿ ಕಲಿಸಬೇಕಾಗಿದ್ದದ್ದು ಶಾಲೆಯ ಗಣಿತವಲ್ಲ, ನರ್ಸಿಂಗ್ ಗಣಿತ: ಔಷಧದ ಪ್ರಮಾಣ, ದ್ರಾವಣದ ಶೇಕಡಾವಾರು, ಡ್ರಿಪ್ಪಿನ ಹನಿ.

ಆ ಊರಿನ ಆಸ್ಪತ್ರೆ ಮೂರು ಮಹಡಿಯ ಹಳೆಯ ಕಟ್ಟಡ. ಮೊದಲ ಮಹಡಿಯ ಓಣಿಯ ಕೊನೆಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಿಸಿಡುವ ಬಟ್ಟೆ ಕೋಣೆ, ಅದೇ ತರಗತಿ. ಮೂರು ಕಡೆ ಸೂರಿನವರೆಗೆ ಬಿಳಿಯ ಹೊದಿಕೆಗಳ ಅಟ್ಟಿ, ನಾಲ್ಕನೆಯ ಕಡೆ ಕಾಲು ಮುರಿದು ಕಟ್ಟಿದ ಕರಿಹಲಗೆ, ಮೂಲೆಯಲ್ಲಿ ಕೊಕ್ಕೆಗೆ ತೂಗುಹಾಕಿದ ಪಾಠದ ಅಸ್ಥಿಪಂಜರ. ಸೋಪಿನ ವಾಸನೆಯಲ್ಲಿ ಸೀಮೆಸುಣ್ಣದ ಪುಡಿ ಬೆರೆತಿರುತ್ತಿತ್ತು. ಟೀಚರಮ್ಮನಿಗೆ ವಸತಿ ಎದುರು ರಸ್ತೆಯ ನರ್ಸುಗಳ ಹಾಸ್ಟೆಲಿನಲ್ಲಿ. ಅಲ್ಲಿನ ಮಾತು ಮೂರು ತಿಂಗಳಲ್ಲಿ ನಾಲಿಗೆಗೆ ಹತ್ತಿತು. ಅಂಕಿಗಳಿಗೆ ಅಷ್ಟೂ ಬೇಕಾಗಿರಲಿಲ್ಲ.

ವಿದ್ಯಾರ್ಥಿನಿಯರು ಹನ್ನೆರಡು ಮಂದಿ, ಎಲ್ಲರೂ ವಾರ್ಡಿನ ಆಯಾಗಳು. ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಗಣಿತವೊಂದರಲ್ಲೇ ನಿಂತವರು. ಅದನ್ನು ದಾಟಿದರೆ ಸಹಾಯಕ ನರ್ಸು. ದಾಟದಿದ್ದರೆ ಬಕೆಟ್ಟು, ನೆಲ ಒರೆಸುವ ಬಟ್ಟೆ, ಬೆಡ್‌ಪ್ಯಾನು. ಹನ್ನೊಂದು ಮಂದಿ ಇಪ್ಪತ್ತರ ಆಚೀಚಿನ ಹುಡುಗಿಯರು, ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬದವರು. ಹನ್ನೆರಡನೆಯವಳಿಗೆ ನಲವತ್ತನಾಲ್ಕು, ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದ ಸೇವೆ. ಆಕೆಯ ಗಂಡ ಆಸ್ಪತ್ರೆಯ ಗಾಡಿ ಓಡಿಸುತ್ತಿದ್ದ; ಅವನನ್ನು ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದುದರಿಂದ ಈಕೆ ಡಾಕ್ಟರಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಅತ್ತಿಗೆ.

ಅತ್ತಿಗೆ ಎರಡು ಸಲ ಗಣಿತದಲ್ಲಿ ಫೇಲಾಗಿದ್ದಳು. ನಿಯಮದ ಪ್ರಕಾರ ಮೂರೇ ಅವಕಾಶ. ಸಾಲದ್ದಕ್ಕೆ ನಲವತ್ತೈದು ದಾಟಿದವರು ಪರೀಕ್ಷೆಗೆ ಕೂರುವಂತಿಲ್ಲ. ೧೯೯೭ರ ಏಪ್ರಿಲ್ ೭, ಸೋಮವಾರದ ಪರೀಕ್ಷೆಯೇ ಆಕೆಗೆ ಕಟ್ಟಕಡೆಯದು.

“ಈ ವಯಸ್ಸಿನಲ್ಲಿ ಯಾಕೆ ಈ ಹಟ, ಅತ್ತಿಗೆ?” ಎಂದು ಟೀಚರಮ್ಮ ಅಲ್ಲಿನ ಮಾತು ಬಂದ ಹೊಸದರಲ್ಲೇ ಕೇಳಿದ್ದರು.

“ಹಟ ಅಲ್ಲ ಟೀಚರ್. ಹನ್ನೊಂದು ವರ್ಷದ ಹಿಂದೆ ಒಬ್ಬರಿಗೆ ಡ್ರಿಪ್ಪು ಜೋರಾಗಿ ಓಡ್ತಾ ಇತ್ತು. ಕೊಳವೆ ಮೇಲೆ ಪುಟ್ಟ ಚಕ್ರ ಇರುತ್ತಲ್ಲ, ಅದನ್ನ ತಿರುಗಿಸೋಕೆ ಎರಡು ಬೆರಳು ಸಾಕು. ಆಯಾ ಮುಟ್ಟೋ ಹಾಗಿಲ್ಲ. ನರ್ಸನ್ನ ಹುಡುಕ್ಕೊಂಡು ಎರಡು ಮಹಡಿ ಓಡಿದೆ.”

“ಬದುಕಿದರಾ?”

“ಆ ಸಲ ಬದುಕಿದರು,” ಎಂದು ಅತ್ತಿಗೆ ಹೊದಿಕೆ ಮಡಿಸುವುದನ್ನು ಮುಂದುವರಿಸಿದಳು.

ಪಠ್ಯಪುಸ್ತಕದ ಹೊಸ ಪ್ರತಿಗಳು ರಾಜಧಾನಿಯಿಂದ ಬರಬೇಕಾಗಿತ್ತು, ಬರಲಿಲ್ಲ. ನರ್ಸುಗಳ ಮುಖ್ಯಸ್ಥೆ ಮೇಟ್ರನ್ ತಮ್ಮ ಬೀರುವಿನಿಂದ ತೆಗೆದುಕೊಟ್ಟ ಹಳೆಯ ಪ್ರತಿಯಲ್ಲಿ ಡ್ರಿಪ್ಪಿನ ಅಧ್ಯಾಯದ ಹಾಳೆಗಳೇ ಕಿತ್ತುಹೋಗಿದ್ದವು. ಟೀಚರಮ್ಮ ಚಿಂತಿಸಲಿಲ್ಲ. ಅಕ್ಕನ ನೋಟ್‌ಬುಕ್ಕಿನಲ್ಲಿ ಆ ಪಾಠ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಇತ್ತು: ಒಂದು ಮಿಲಿಲೀಟರಿಗೆ ಹದಿನೈದು ಹನಿ; ಒಟ್ಟು ಮಿಲಿಲೀಟರನ್ನು ಹದಿನೈದರಿಂದ ಗುಣಿಸಿ, ಒಟ್ಟು ನಿಮಿಷದಿಂದ ಭಾಗಿಸು. ಒಂದು ಲೀಟರು ಎಂಟು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಮೂವತ್ತೊಂದು ಹನಿ. ಹುಡುಗಿಯರು ಅದನ್ನು ಕಣ್ಣುಮುಚ್ಚಿ ಒಪ್ಪಿಸುವಷ್ಟು ಕಲಿತರು.

ಆ ಲೆಕ್ಕಕ್ಕೆ ಅತ್ತಿಗೆ ಮಾತ್ರ ಯಾವಾಗಲೂ ನಲವತ್ತೆರಡು ಎಂದು ಬರೆಯುತ್ತಿದ್ದಳು.

“ಎಲ್ಲಿಂದ ಬಂತು ಈ ನಲವತ್ತೆರಡು?” ಎಂದು ಟೀಚರಮ್ಮ ಕೇಳಿದರೆ, “ವಾರ್ಡಿಂದ ಬಂತು ಟೀಚರ್” ಎನ್ನುತ್ತಿದ್ದಳು.

“ಕ್ರಮ ಎಲ್ಲಿ?”

“ಕ್ರಮ ಬರಲ್ಲ. ನಲವತ್ತೆರಡು ಬರುತ್ತೆ.”

ಹುಡುಗಿಯರು ನಕ್ಕರು. ಟೀಚರಮ್ಮ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದರು.

ಫೆಬ್ರವರಿ ೬, ಗುರುವಾರ, ಆ ದೇಶದ ಚುನಾವಣೆಯ ಫಲಿತಾಂಶ ಹೊರಬಿತ್ತು. ಸೋತವರು ಸೋಲನ್ನು ಒಪ್ಪಲಿಲ್ಲ, ಗೆದ್ದವರಿಗೆ ಗೆಲುವು ದಕ್ಕಲಿಲ್ಲ. ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ಕೆಳಗಿಳಿದವು. ಚೌಕದಲ್ಲಿ ಮರಳಿನ ಮೂಟೆಗಳು ಬಂದು ಕುಳಿತವು. ೧೦ನೆಯ ತಾರೀಕು ಸೋಮವಾರ ಆದೇಶ ಹೊರಟಿತು: ಬೆಳಗಿನ ಆರರಿಂದ ಮಧ್ಯಾಹ್ನ ಒಂದರವರೆಗೆ, ಮತ್ತೆ ಸಂಜೆ ಐದರಿಂದ ಆರರವರೆಗೆ ಮಾತ್ರ ರಸ್ತೆಯಲ್ಲಿ ಓಡಾಟ, ಯಾವ ಕೋಣೆಯಲ್ಲೂ ನಾಲ್ವರಿಗಿಂತ ಹೆಚ್ಚು ಜನ ಸೇರಕೂಡದು. ರೋಗಿಗಳ ವಾರ್ಡುಗಳಿಗೆ ವಿನಾಯಿತಿ ಇತ್ತು, ತರಗತಿಗಳಿಗೆ ಇರಲಿಲ್ಲ. ಊರಿನ ಶಾಲೆಗಳೆಲ್ಲ ಅಂದೇ ಬೀಗ ಹಾಕಿದವು.

“ನಮ್ಮದೂ ನಿಲ್ಲಿಸೋದೇ ಅಲ್ವಾ, ಟೀಚರಮ್ಮ?” ಎಂದರು ಮೇಟ್ರನ್.

ಟೀಚರಮ್ಮ ಕನ್ನಡಕ ಏರಿಸಿ ಆದೇಶವನ್ನು ಎರಡು ಸಲ ಓದಿದರು. “ನಾಲ್ವರಿಗಿಂತ ಹೆಚ್ಚು ಅಂತ ಇದೆ. ನಾಲ್ವರು ಅಂದರೆ ಹೆಚ್ಚಲ್ಲ. ಮೂರು ಹುಡುಗಿಯರು, ನಾನೊಬ್ಬಳು. ದಿನಕ್ಕೆ ನಾಲ್ಕು ಸಲ ಅದೇ ಪಾಠ. ಏಳೂವರೆ, ಎಂಟೂಕಾಲು, ಒಂಬತ್ತು, ಒಂಬತ್ತೂ ಮುಕ್ಕಾಲು.”

ಮೇಟ್ರನ್ ಆದೇಶವನ್ನು ಮಡಿಸಿ ಮೇಜಿನ ಮೇಲಿಟ್ಟರು. “ನಿಮಗೆ ಹೆದರಿಕೆ ಅನ್ನೋದು ಇಲ್ವಾ?”

“ಇದೆ. ಪೋರ್ಷನ್ ಮುಗಿಯಲ್ಲ ಅಂತ.”

ಓಣಿಗೆ ಕಾವಲು ಹಾಕಿದ್ದ ಪೇದೆ ಐವತ್ತರ ಆಸುಪಾಸಿನವನು, ಬೂಟಿನ ಲಾಡಿ ಸದಾ ಬಿಚ್ಚಿಕೊಂಡೇ ಇರುವವನು. ಪ್ರತಿ ತರಗತಿಗೂ ಬಾಗಿಲಲ್ಲಿ ನಿಂತು ತಲೆ ಎಣಿಸುವುದು ಅವನ ಕೆಲಸ. ಮೊದಲ ದಿನ ಎಣಿಸಿ ಬೆರಳು ನಿಲ್ಲಿಸಿದ.

“ಐದಾಯ್ತಲ್ಲಮ್ಮ. ಮೂಲೆಯಲ್ಲಿ ನಿಂತಿದ್ದಾರಲ್ಲ, ಅವರು ಯಾರು?”

ಟೀಚರಮ್ಮ ಅಸ್ಥಿಪಂಜರದ ಕಡೆ ತಿರುಗಿ, “ಅವರು ಹೋದ ಸರ್ಕಾರದವರು,” ಎಂದರು ಗಂಭೀರವಾಗಿಯೇ. ಪೇದೆ ನಗು ತಡೆಯಲು ಗೋಡೆಯ ಕಡೆ ಮುಖ ಮಾಡಿದ. ಅಂದಿನಿಂದ ಅವನು ಎಣಿಸುವಾಗ “ಮೂರು, ನಾಲ್ಕು, ಮತ್ತೆ ಅವರು” ಎಂದೇ ಎಣಿಸುತ್ತಿದ್ದ.

ಹೀಗೆ ಐದು ವಾರ ನಡೆಯಿತು. ದೂರದಲ್ಲಿ ಎಲ್ಲೋ ಟೈರು ಸುಟ್ಟ ಹೊಗೆ ಏಳುವುದು, ಲಾರಿಗಳು ಸಾಲಾಗಿ ಹೋಗುವುದು, ಕೋಣೆಯೊಳಗೆ ಸುಣ್ಣದ ಕಡ್ಡಿ ಕಿರುಗುಟ್ಟುವುದು. ಮಾರ್ಚ್ ೧೭ರಂದು ಟೀಚರಮ್ಮನ ದೇಶದ ರಾಯಭಾರ ಕಚೇರಿಯಿಂದ ಕಾಗದ ಬಂದಿತು: ಇಲ್ಲಿರುವ ನಮ್ಮವರನ್ನೆಲ್ಲ ಗಡಿ ದಾಟಿಸಲು ಮಾರ್ಚ್ ೨೯, ಶನಿವಾರ ಬಸ್ಸು ಹೊರಡುವುದು, ಇಷ್ಟವಿದ್ದವರು ಹೆಸರು ಕೊಡಿ. ಪಾಠ ಮುಗಿದಿತ್ತು, ಒಂದು ಸಲ ಪುನರಾವರ್ತನೆಯೂ ಆಗಿತ್ತು. ಫೋನಿನಲ್ಲಿ ಅಕ್ಕನ ಅಳು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಅಳೆದು ತೂಗಿ ಹೆಸರು ಕೊಟ್ಟರು.

ಮರುದಿನ ಮೇಟ್ರನ್ ಒಂದು ಚೀಟಿ ತೋರಿಸಿದರು. ಪರೀಕ್ಷೆಯ ಪಟ್ಟಿಯಿಂದ ತನ್ನ ಹೆಸರು ತೆಗೆಯಬೇಕೆಂದು ಅತ್ತಿಗೆ ಬರೆದುಕೊಟ್ಟಿದ್ದಳು. ಹೆಸರು ಹಿಂತೆಗೆಯಲು ೨೦ನೆಯ ತಾರೀಕು ಕೊನೆ.

ಮಾರ್ಚ್ ೧೯, ಬುಧವಾರ, ಹನ್ನೆರಡು ಗಂಟೆಗೆ ಟೀಚರಮ್ಮ ಅತ್ತಿಗೆಯ ವಾರ್ಡಿಗೆ ಹೋದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಹೊಟ್ಟೆ ಕೆಟ್ಟು ಸೊರಗಿದ ಒಬ್ಬ ಕ್ಷೌರಿಕ ಮಲಗಿದ್ದ. ನರ್ಸು ಅವನಿಗೆ ಅರ್ಧ ಲೀಟರಿನ ಬಾಟಲಿ ಏರಿಸಿ, ವೇಗ ಹೊಂದಿಸಿ, ಮುಂದಿನ ರೋಗಿಯ ಕಡೆ ಹೋದಳು. ಟೀಚರಮ್ಮನ ಕೈಗಡಿಯಾರದಲ್ಲಿ ಹನ್ನೆರಡು ಗಂಟೆ ಹತ್ತು ನಿಮಿಷ.

“ಯಾಕೆ ಅತ್ತಿಗೆ, ಕೈ ಬಿಟ್ಟುಬಿಟ್ಟಿರಾ?”

ಅತ್ತಿಗೆ ನೆಲ ಒರೆಸುವುದನ್ನು ನಿಲ್ಲಿಸಲಿಲ್ಲ. “ನಾಲ್ಕು ಟೆಸ್ಟು ಕೊಟ್ಟಿರಿ. ಹದಿನೇಳು, ಇಪ್ಪತ್ತೊಂದು, ಹದಿನೆಂಟು, ಹತ್ತೊಂಬತ್ತು. ಪಾಸಿಗೆ ನಲವತ್ತು ಬೇಕು. ಮೂರನೇ ಸಲವೂ ಫೇಲು ಅಂತ ಗೇಟಿನ ಹತ್ತಿರ ಚೀಟಿ ಅಂಟಿಸ್ತಾರೆ ಟೀಚರ್. ನಮ್ಮೆಜಮಾನರು ದಿನಾ ಅದರ ಮುಂದೇನೇ ಗಾಡಿ ನಿಲ್ಲಿಸೋದು.”

“ಒಂದು ಡ್ರಿಪ್ಪಿನ ಲೆಕ್ಕ ಸರಿಯಾಗಿ ಮಾಡಿದರೂ ಹನ್ನೆರಡು ಅಂಕ ಬರುತ್ತೆ. ನೀವು ಅದನ್ನೂ ಮಾಡಲ್ಲ. ಈಗ ನೋಡಿ.” ಟೀಚರಮ್ಮ ಗಡಿಯಾರ ಹಿಡಿದು ಒಂದು ನಿಮಿಷ ಹನಿ ಎಣಿಸಿದರು. “ನಲವತ್ತೆರಡು ಹನಿ ಬೀಳ್ತಾ ಇದೆ. ಅರ್ಧ ಲೀಟರಿಗೆ ಏಳು ಸಾವಿರದ ಐನೂರು ಹನಿ. ಭಾಗಿಸಿದರೆ ನೂರ ಎಪ್ಪತ್ತೊಂಬತ್ತು ನಿಮಿಷ. ಮಧ್ಯಾಹ್ನ ಮೂರು ಗಂಟೆ ಒಂಬತ್ತು ನಿಮಿಷಕ್ಕೆ ಬಾಟಲಿ ಖಾಲಿ.”

ಅತ್ತಿಗೆ ತಲೆಯೆತ್ತಿ ಬಾಟಲಿಯನ್ನು ನೋಡಿದಳು, ಮನೆಯ ಒಲೆಯ ಮೇಲಿನ ಹಾಲನ್ನು ನೋಡುವಂತೆ. “ಇಲ್ಲ ಟೀಚರ್. ಅದು ನಾಲ್ಕು ದಾಟುತ್ತೆ.”

“ಹೇಗೆ ದಾಟುತ್ತೆ?”

“ಹೇಗೋ ಗೊತ್ತಿಲ್ಲ. ದಾಟುತ್ತೆ.”

“ನನ್ನ ಮೈಯೊಳಗೆ ಹೋಗೋದು,” ಎಂದ ಕ್ಷೌರಿಕ ಕಣ್ಣು ಮುಚ್ಚಿಕೊಂಡೇ, “ನನ್ನನ್ನ ಮಾತ್ರ ಯಾರೂ ಕೇಳಲ್ಲ.”

ಟೀಚರಮ್ಮನಿಗೆ ಮೂಗಿನ ತುದಿಗೆ ಕೋಪ ಬಂತು. ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕದಲ್ಲಿ ಕುಳಿತೇಬಿಟ್ಟರು. ಒಂದು ಗಂಟೆಗೆ ಸೈರನ್ ಕೂಗಿತು; ಇನ್ನು ಐದರವರೆಗೆ ರಸ್ತೆ ದಾಟಿ ಹಾಸ್ಟೆಲಿಗೆ ಹೋಗುವಂತಿರಲಿಲ್ಲ. ಊಟವನ್ನು ಅತ್ತಿಗೆ ತನ್ನ ಡಬ್ಬಿಯಿಂದಲೇ ಹಂಚಿಕೊಟ್ಟಳು. ಆಗಾಗ ಟೀಚರಮ್ಮ ಹನಿ ಎಣಿಸಿ ನೋಡಿದರು: ನಲವತ್ತೆರಡು, ನಲವತ್ತೆರಡು, ನಲವತ್ತೆರಡು. ಬೀದಿ ಬಿಕೋ ಎನ್ನುತ್ತಿತ್ತು. ಕ್ಷೌರಿಕ ಗೊರಕೆ ಹೊಡೆಯುತ್ತಿದ್ದ.

ಮೂರು ಗಂಟೆ ಒಂಬತ್ತು ನಿಮಿಷ ಆಯಿತು. ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು.

ಟೀಚರಮ್ಮ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು. ಗಡಿಯಾರ ನಡೆಯುತ್ತಿತ್ತು. ಗೋಡೆಯ ಗಡಿಯಾರವೂ ಅದನ್ನೇ ಹೇಳುತ್ತಿತ್ತು. ಅತ್ತಿಗೆ ದೂರದ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದಳು. ಇತ್ತ ತಿರುಗಿಯೂ ನೋಡಲಿಲ್ಲ. ಕೊನೆಯ ಹನಿ ಬಿದ್ದಾಗ ನಾಲ್ಕು ಗಂಟೆ ಎಂಟು ನಿಮಿಷ.

ಅವರು ಕುಳಿತಲ್ಲೇ ಕೈಚೀಲದಿಂದ ಕಾಗದ ತೆಗೆದು ಹಿಂದಿನಿಂದ ಲೆಕ್ಕ ಹಾಕಿದರು. ಇನ್ನೂರ ಮೂವತ್ತೆಂಟು ನಿಮಿಷ, ನಲವತ್ತೆರಡು ಹನಿ, ಐನೂರು ಮಿಲಿಲೀಟರು. ಒಂದು ಮಿಲಿಲೀಟರಿಗೆ ಹದಿನೈದಲ್ಲ, ಇಪ್ಪತ್ತು. ಎರಡನೆಯ ಸಲ ಹಾಕಿದರು. ಇಪ್ಪತ್ತೇ.

ಮೇಟ್ರನ್ ಕೋಣೆಯಲ್ಲಿ ಅವಧಿ ಮೀರಿದ ಒಂದು ಡ್ರಿಪ್ ಸೆಟ್ಟು, ಅಂದರೆ ಹನಿ ಬೀಳಿಸುವ ಕೊಳವೆ, ಸಿಕ್ಕಿತು. ನೀರು ತುಂಬಿ, ಅಳತೆಯ ಪುಟ್ಟ ಗಾಜಿನೊಳಗೆ ನೂರು ಹನಿ ಬೀಳಿಸಿದರು. ನೀರು ಐದರ ಗೆರೆಯನ್ನು ಮುಟ್ಟಿ ನಿಂತಿತು.

“ಹೌದಲ್ಲ, ನಮ್ಮ ಸೆಟ್ಟು ಇಪ್ಪತ್ತರದ್ದೇ,” ಎಂದರು ಮೇಟ್ರನ್, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟು ಸಹಜವಾಗಿ. “ಈ ದೇಶದಲ್ಲೆಲ್ಲ ಅದೇ. ಪ್ರಶ್ನೆಪತ್ರಿಕೆಯಲ್ಲೂ ಹಾಗೇ ಅಂತ ಇಟ್ಟುಕೊಂಡೇ ಕೇಳೋದು, ಬೇರೆಯಾಗಿ ಹೇಳೋದೇ ಇಲ್ಲ. ಯಾಕೆ, ನೀವು ಎಷ್ಟು ಅಂತ ಹೇಳಿಕೊಟ್ಟಿರಿ?”

ಟೀಚರಮ್ಮ ಅಳತೆಯ ಗಾಜನ್ನು ಮೇಜಿನ ಮೇಲಿಟ್ಟರು. “ಹದಿನೈದು. ನಮ್ಮ ಅಕ್ಕನ ಆಸ್ಪತ್ರೆಯಲ್ಲಿ ಹಾಗಿತ್ತು.”

“ಒಂದು ಮಾತು ಕೇಳಬಾರದಿತ್ತಾ?”

ಮೂವತ್ತಮೂರು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಅತ್ತಿಗೆ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಟೀಚರಮ್ಮ ಆಕೆಯ ಕಡೆ ತಿರುಗಿದರು.

“ಆರು ತಿಂಗಳಿಂದ ನಿಮ್ಮ ಸರಿ ಉತ್ತರಕ್ಕೆ ಸೊನ್ನೆ ಕೊಡ್ತಾ ಬಂದೆ. ನೀವಾದರೂ ಜಗಳ ಆಡಬಾರದಿತ್ತಾ?”

“ಟೀಚರ್ ಹತ್ತಿರ ಜಗಳ ಆಡೋಕಾಗುತ್ತಾ?” ಎಂದಳು ಅತ್ತಿಗೆ. “ನಾನೇ ದಡ್ಡಿ ಅಂದ್ಕೊಂಡೆ. ಲೆಕ್ಕದಲ್ಲಿ ಹಾಗೆ, ವಾರ್ಡಲ್ಲಿ ಹೀಗೆ ಇರಬೇಕು ಅಂದ್ಕೊಂಡೆ.”

ಈ ಮಾತು ಟೀಚರಮ್ಮನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ. ಅವರು ಮೇಟ್ರನ್ ಮೇಜಿನ ಮೇಲಿದ್ದ ಚೀಟಿಯನ್ನು ತೆಗೆದು ಅತ್ತಿಗೆಯ ಮುಂದೆ ಹಿಡಿದರು. “ಇದನ್ನು ಹರಿಯೋದು ನಿಮ್ಮ ಕೈಯಲ್ಲೇ ಆಗಲಿ. ಉತ್ತರ ನಿಮ್ಮ ಹತ್ತಿರ ಇದೆ, ಕ್ರಮ ನನ್ನ ಹತ್ತಿರ ಇದೆ. ಹದಿನೆಂಟು ದಿನ ಉಳಿದಿದೆ.”

ಅತ್ತಿಗೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಚೀಟಿ ತೆಗೆದುಕೊಂಡಳು. ಹರಿಯಲಿಲ್ಲ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನೋಡೋಣ,” ಎಂದಳು. ಮರುದಿನ, ೨೦ನೆಯ ತಾರೀಕು, ಅದನ್ನು ಮೇಟ್ರನ್‌ಗೆ ಹಿಂದಿರುಗಿಸಲಿಲ್ಲ ಎಂಬುದಷ್ಟೇ ಆಕೆಯ ಉತ್ತರ.

ಬಸ್ಸಿನ ಪಟ್ಟಿಯಿಂದ ಟೀಚರಮ್ಮ ತಮ್ಮ ಹೆಸರು ತೆಗೆಸಿದ್ದೂ ಅಂದೇ. ೨೩ನೆಯ ತಾರೀಕು ಭಾನುವಾರ, ಎಂದಿನಂತೆ ಬೆಳಗ್ಗೆ ಹತ್ತಕ್ಕೆ, ಮೇಟ್ರನ್ ಕೋಣೆಯ ಫೋನಿಗೆ ಅಕ್ಕ ಬಂದಳು.

“ಬರಲ್ಲ ಅಂದರೆ ಏನೇ ಅರ್ಥ? ಟಿವಿಯಲ್ಲಿ ತೋರಿಸ್ತಾ ಇದಾರೆ, ರಸ್ತೆ ತುಂಬಾ ಟ್ಯಾಂಕು.”

“ಅದು ಬೇರೆ ಊರು. ಇಲ್ಲಿರೋದು ಒಂದೇ ಟ್ಯಾಂಕು. ನೀರಿನದು.”

“ತಮಾಷೆ ಬೇಡ. ಪಾಠ ಮುಗೀತು ಅಂದಿದ್ದೆ.”

“ತಪ್ಪು ಪಾಠ ಮುಗಿದಿತ್ತು.” ಟೀಚರಮ್ಮ ಹದಿನೈದರ ಕಥೆ ಹೇಳಿದರು.

“ನನ್ನ ನೋಟ್‌ಬುಕ್ಕಿಂದ ಹೀಗಾಯ್ತಾ?”

“ನಿನ್ನ ನೋಟ್‌ಬುಕ್ ಸರಿಯಾಗೇ ಇದೆ. ನಿಮ್ಮ ಆಸ್ಪತ್ರೆಗೆ ಸರಿ. ಇಲ್ಲಿ ಬಾಯಿಬಿಟ್ಟು ಕೇಳಬೇಕಾದವಳು ನಾನು, ಕೇಳಲಿಲ್ಲ.”

ಪಕ್ಕದಿಂದ ಭಾವನವರ ಸ್ವರ ಕೇಳಿಸಿತು: “ಏನಂತೆ?” ಅಕ್ಕ ಅತ್ತ ತಿರುಗಿ, “ನಿಮ್ಮ ನಾದಿನಿ ತಪ್ಪು ಮಾಡಿದಳಂತೆ. ತಾರೀಕು ಬರೆದಿಟ್ಟುಕೊಳ್ಳಿ,” ಎಂದಳು.

ಹುಡುಗಿಯರಿಗೆ ಹೇಳುವ ಕೆಲಸ ಮರುದಿನ, ಸೋಮವಾರ. ಇಡೀ ಭಾನುವಾರ ಟೀಚರಮ್ಮ ಅದಕ್ಕೆ ಮಾತು ಜೋಡಿಸುತ್ತಿದ್ದರು. ಕೊನೆಗೆ, ತಪ್ಪು ಕಲಿಸಿದ ಬಾಯಿಂದಲೇ ಸರಿ ಪಾಠ ಕೇಳಿದರೆ ಎರಡೂ ಕಲಸಿಹೋಗುತ್ತವೆ, ಸರಿಯಾಗಿ ಬಲ್ಲವಳೇ ಹಲಗೆಯ ಮುಂದೆ ನಿಲ್ಲಲಿ ಎಂದು ತೀರ್ಮಾನಿಸಿದರು. ಅದನ್ನು ಕೇಳಿ ಅತ್ತಿಗೆ ಎರಡು ಹೆಜ್ಜೆ ಹಿಂದೆ ಸರಿದಳು.

“ನಾನಾ? ಹಲಗೆ ಮೇಲಾ? ಬಕೆಟ್ಟು ಕೊಡಿ, ಮೂರು ಮಹಡಿ ತೊಳೀತೀನಿ.”

“ಕ್ರಮ ನಾನು ಬರೆದುಕೊಡ್ತೀನಿ. ಮೂರೇ ಸಾಲು. ನೋಡಿಕೊಂಡೇ ಬರೀರಿ.”

ಸೋಮವಾರ ಏಳೂವರೆಗೆ ಮೊದಲ ಮೂವರು ಬಂದು ಕುಳಿತರು. ಟೀಚರಮ್ಮ ಅವರ ಮುಂದೆ ನಿಂತು, “ನಾನು ನಿಮಗೆ ಕಲಿಸಿದ ಹದಿನೈದು ತಪ್ಪು. ಅತ್ತಿಗೆಯ ನಲವತ್ತೆರಡು ಸರಿ. ಇವತ್ತು ಅವರೇ ಪಾಠ ಮಾಡ್ತಾರೆ,” ಎಂದು ಮೂರು ವಾಕ್ಯದಲ್ಲಿ ಮುಗಿಸಿದರು. ಆಗ ಬಾಗಿಲಲ್ಲಿ ಪೇದೆಯ ಬೆರಳು ಏಳುವುದನ್ನು ಕಂಡರು. ಮೂರು ಹುಡುಗಿಯರು, ಅತ್ತಿಗೆ, ತಾವು, ಐದು. ಅವರು ಸುಣ್ಣದ ಕಡ್ಡಿಯನ್ನು ಅತ್ತಿಗೆಯ ಕೈಗಿತ್ತು, ಹೊರಗೆ ಬಂದು, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತರು.

“ಏನಮ್ಮ, ನಿಮ್ಮನ್ನೇ ಹೊರಗೆ ನಿಲ್ಲಿಸಿದಾರೆ?” ಎಂದ ಪೇದೆ.

“ಲೆಕ್ಕ ತಪ್ಪು ಮಾಡಿದೆ.”

“ನಮ್ಮ ಮೇಷ್ಟ್ರು ಬೆಂಚಿನ ಮೇಲೆ ಹತ್ತಿಸ್ತಾ ಇದ್ದರು,” ಎಂದು ಪೇದೆ ಸಹಾನುಭೂತಿಯಿಂದ ಹೇಳಿ, ತಾನು ಕೂರುವ ಸ್ಟೂಲನ್ನು ಅವರ ಕಡೆ ಸರಿಸಿದ. ಟೀಚರಮ್ಮ ಕೂರಲಿಲ್ಲ.

ಒಳಗಿನಿಂದ ಮೊದಲು ಸುಣ್ಣದ ಕಡ್ಡಿ ಮುರಿದ ಸದ್ದು ಬಂತು, ಆಮೇಲೆ ಅತ್ತಿಗೆಯ ದನಿ. “ನಗಬೇಡಿ ಕಣ್ರೇ, ನನಗೂ ನಗು ಬರ್ತಾ ಇದೆ. ನೋಡಿ, ಬಾಟಲಿ ಅಂದರೆ ಬಾಟಲಿ ನೋಡಬೇಡಿ. ಒಂದು ಮಿಲಿ ನೋಡಿ. ಅದರೊಳಗೆ ಇಪ್ಪತ್ತು ಹನಿ ಕೂತಿದೆ. ಒಂದು ಲೀಟರಲ್ಲಿ ಎಷ್ಟು ಮಿಲಿ?... ಸಾವಿರ. ಎಷ್ಟು ಹನಿ ಆಯ್ತು?... ಇಪ್ಪತ್ತು ಸಾವಿರ. ಅಷ್ಟನ್ನೂ ಎಂಟು ಗಂಟೆಯ ನಿಮಿಷಕ್ಕೆ ಹಂಚಿ. ಮನೇಲಿ ಎಂಟು ಜನಕ್ಕೆ ಬಡಿಸಲ್ವಾ, ಹಾಗೆ.” ಸ್ವಲ್ಪ ಹೊತ್ತು ಬಿಟ್ಟು, ತನಗೆ ತಾನೇ ಎಂಬಂತೆ, “ಓ... ಹೀಗೆ ಬರುತ್ತೆ ಇದು,” ಎಂದದ್ದೂ ಕೇಳಿಸಿತು.

ಟೀಚರಮ್ಮ ಗೋಡೆಯ ಈಚೆ ತುಟಿ ಅಲುಗಿಸುತ್ತ ಪ್ರತಿ ಸಾಲನ್ನೂ ಹಿಂಬಾಲಿಸುತ್ತಿದ್ದರು. ಎಂಟೂಕಾಲರ ತರಗತಿಯಲ್ಲಿ ಅತ್ತಿಗೆ ಕ್ರಮದ ಚೀಟಿಯನ್ನು ಎರಡು ಸಲ ನೋಡಿದಳು. ಒಂಬತ್ತರದರಲ್ಲಿ ಒಂದು ಸಲ. ಕೊನೆಯ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಅತ್ತಿಗೆ ಸೇರಿ ಮೂವರು. ಪೇದೆ, “ಈಗ ನೀವು ಒಳಗೆ ಹೋಗಬಹುದಮ್ಮ,” ಎಂದ. ಟೀಚರಮ್ಮ ಹೋಗಿ ಬೆಂಚಿನ ತುದಿಯಲ್ಲಿ ಕುಳಿತು ನೋಟ್‌ಬುಕ್ ತೆರೆದರು. ಅತ್ತಿಗೆ ಚೀಟಿ ನೋಡದೆ ಮೂರು ಸಾಲೂ ಬರೆದು, ಲೆಕ್ಕದ ಪಕ್ಕದಲ್ಲಿ ವೃತ್ತ ಎಳೆದು, ಒಳಗೆ ‘೪’ ಎಂದು ಬರೆದು, ಟೀಚರಮ್ಮನ ಕಡೆ ನೋಡಿದಳು. ಟೀಚರಮ್ಮ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಮುಂದಿನ ಎರಡು ವಾರ ಅದೇ ರೀತಿ ಸಾಗಿತು. ಮಾರ್ಚ್ ೨೯ರಂದು ಬಸ್ಸು ಹೊರಟ ಸದ್ದು ಬಟ್ಟೆ ಕೋಣೆಗೆ ಕೇಳಿಸಿತು. ಅಂದು ಶೇಕಡಾವಾರು ದ್ರಾವಣದ ಪಾಠವಿತ್ತು. ಏಪ್ರಿಲ್ ೭ರಂದು ಪೊಲೀಸು ಕಾವಲಿನಲ್ಲಿ ಮೊಹರು ಮಾಡಿದ ಲಕೋಟೆ ಬಂತು. ಮೇಟ್ರನ್ ನಾಲ್ಕು ಕೋಣೆ ಖಾಲಿ ಮಾಡಿಸಿ, ಮೂವರಂತೆ ಕೂರಿಸಿ, ಒಬ್ಬೊಬ್ಬ ಮೇಲ್ವಿಚಾರಕಿಯನ್ನು ನಿಲ್ಲಿಸಿದರು. ಐದನೆಯ ಪ್ರಶ್ನೆ: ಆರುನೂರು ಮಿಲಿಲೀಟರು ಐದು ಗಂಟೆಯಲ್ಲಿ ಹೋಗಬೇಕು, ನಿಮಿಷಕ್ಕೆ ಎಷ್ಟು ಹನಿ? ಪರೀಕ್ಷೆ ಮುಗಿಸಿ ಹೊರಬಂದ ಅತ್ತಿಗೆ, “ನಲವತ್ತು ಬರೆದೆ, ಸಾಲೂ ಬರೆದೆ, ಉಳಿದದ್ದು ಬರೆದ ಹಾಗೆ ಬರೆದೆ,” ಎಂದು ಹೇಳಿ ಬಕೆಟ್ಟು ತರಲು ಹೋದಳು.

ಮೇ ತಿಂಗಳ ಮೊದಲ ವಾರ ಎರಡೂ ಪಕ್ಷಗಳು ಒಂದು ಒಪ್ಪಂದಕ್ಕೆ ಬಂದವು. ೪ನೆಯ ತಾರೀಕು ಆದೇಶ ರದ್ದಾಯಿತು. ಪೇದೆಗೆ ಬೇರೆ ಊರಿಗೆ ವರ್ಗವಾಯಿತು. ಫಲಿತಾಂಶ ಗೇಟಿನ ಹತ್ತಿರ ಅಂಟಿದ್ದು ಮೇ ೨೩, ಶುಕ್ರವಾರ. ಮೊದಲು ನೋಡಿದವನು ಗಾಡಿ ನಿಲ್ಲಿಸಿದ ಅಣ್ಣ. ಅವನು ಮೂರು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ, ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: “ನಲವತ್ತಾರು.”

“ನೂರಕ್ಕಾ?” ಎಂದಳು ಅತ್ತಿಗೆ.

“ನೂರಕ್ಕೆ.”

ಅತ್ತಿಗೆ ಹತ್ತಿರದ ಹಾಸಿಗೆಯ ಅಂಚಿನ ಮೇಲೆ ಕುಳಿತಳು. ಕರ್ತವ್ಯದ ವೇಳೆಯಲ್ಲಿ ರೋಗಿಯ ಹಾಸಿಗೆಯ ಮೇಲೆ ಆಕೆ ಕುಳಿತದ್ದನ್ನು ಹತ್ತೊಂಬತ್ತು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಮೇಟ್ರನ್ ನೋಡಿಯೂ ಮುಂದಿನ ಹಾಸಿಗೆಯ ಕಡೆ ನಡೆದರು.

ಟೀಚರಮ್ಮ ಪಟ್ಟಿಯನ್ನು ಕೊನೆಯವರೆಗೆ ಓದಿದರು. ಹನ್ನೆರಡರಲ್ಲಿ ಹತ್ತು ಪಾಸು. ಉಳಿದಿಬ್ಬರಲ್ಲಿ ಒಬ್ಬಳು ಓದಿರಲೇ ಇಲ್ಲ, ಹನ್ನೊಂದು ಅಂಕ. ಇನ್ನೊಬ್ಬಳು ತರಗತಿಯಲ್ಲಿ ಎಲ್ಲರಿಗಿಂತ ವೇಗವಾಗಿ ಹದಿನೈದರ ಪಾಠ ಒಪ್ಪಿಸುತ್ತಿದ್ದ ಹುಡುಗಿ, ಮೂವತ್ತನಾಲ್ಕು. ಟೀಚರಮ್ಮ ಅವಳನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದರು.

“ಐದನೇ ಪ್ರಶ್ನೆಗೆ ಏನು ಬರೆದೆ?”

“ಮೂವತ್ತು, ಟೀಚರ್.” ಹುಡುಗಿಯ ಕಣ್ಣು ತುಂಬಿತ್ತು. “ಇಪ್ಪತ್ತು ಅಂತ ಗೊತ್ತಿತ್ತು. ಗಾಬರಿಯಲ್ಲಿ ಕೈಗೆ ಮೊದಲು ಕಲಿತದ್ದೇ ಬಂತು.”

ಮೂವತ್ತನಾಲ್ಕಕ್ಕೆ ಹನ್ನೆರಡು ಕೂಡಿದರೆ ನಲವತ್ತಾರು. ಈ ಲೆಕ್ಕಕ್ಕೆ ಟೀಚರಮ್ಮನಿಗೆ ಕಾಗದ ಬೇಕಾಗಲಿಲ್ಲ. ಮರುಪರೀಕ್ಷೆ ಸೆಪ್ಟೆಂಬರ್ ೧, ಸೋಮವಾರ ಎಂದು ಪಟ್ಟಿಯ ಕೆಳಗೆ ಬರೆದಿತ್ತು. ಅವರ ಒಂಬತ್ತು ತಿಂಗಳ ಅವಧಿ ಮುಗಿಯಲು ಹತ್ತೊಂಬತ್ತು ದಿನ ಬಾಕಿ ಇತ್ತು. ಊರಿಗೆ ಹೊರಡಲು ಪೆಟ್ಟಿಗೆಯ ಅರ್ಧ ತುಂಬಿಯೂ ಆಗಿತ್ತು. ಅಂದು ಮಧ್ಯಾಹ್ನವೇ ಸಂಸ್ಥೆಗೆ ಕಾಗದ ಬರೆದರು.

೨೫ನೆಯ ತಾರೀಕು ಭಾನುವಾರ, ಹತ್ತು ಗಂಟೆಗೆ ಫೋನು ಬಂತು.

“ಪಾಸಾದಳಾ ನಿನ್ನ ಅತ್ತಿಗೆ?”

“ಆದರು. ಡ್ರಿಪ್ಪಿನ ಲೆಕ್ಕಕ್ಕೆ ಹನ್ನೆರಡಕ್ಕೆ ಹನ್ನೆರಡು.”

“ಸದ್ಯ. ಹಾಗಾದರೆ ಹೊರಡು ಇನ್ನು. ನಿಮ್ಮ ಭಾವನವರ ಪದಬಂಧ ಎಂಟು ತಿಂಗಳಿಂದ ತಪ್ಪುತಪ್ಪಾಗಿ ಬಿದ್ದಿದೆ.”

“ಒಬ್ಬಳು ಹೋದಳು ಅಕ್ಕ. ನನ್ನಿಂದ ಹೋದಳು.”

ಅಕ್ಕ ಈ ಸಲ ಜಗಳವಾಡಲಿಲ್ಲ. ನರ್ಸಾಗಿ ಮೂವತ್ತು ವರ್ಷ ದುಡಿದವಳು. ‘ನನ್ನಿಂದ’ ಎಂಬ ಮಾತಿನ ತೂಕ ಅವಳಿಗೆ ಗೊತ್ತಿತ್ತು. “ಎಲ್ಲಿವರೆಗೆ ಇರ್ತೀಯ?” ಎಂದಷ್ಟೇ ಕೇಳಿದಳು.

“ಪರೀಕ್ಷೆ ಸೆಪ್ಟೆಂಬರ್ ಒಂದು. ನಾನು ಹೊರಡೋದು ಸೆಪ್ಟೆಂಬರ್ ಎರಡು, ಮಂಗಳವಾರ.”

“ಆ ಹುಡುಗಿ ಆಗಲೂ ಫೇಲಾದರೆ?”

ಟೀಚರಮ್ಮ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಯೋಚಿಸಿದರು. ಕಿಟಕಿಯಾಚೆ, ಅಂಗಳದಲ್ಲಿ, ಆ ಹುಡುಗಿಯೂ ಅತ್ತಿಗೆಯೂ ಒಗೆದ ಹೊದಿಕೆಯ ಎರಡೆರಡು ತುದಿ ಹಿಡಿದು ಹಿಂಡುತ್ತಿದ್ದರು. ಅತ್ತಿಗೆ ಏನೋ ಹೇಳುತ್ತಿದ್ದಳು, ಹುಡುಗಿ ತಲೆಯಾಡಿಸುತ್ತಿದ್ದಳು.

“ಹೊಸ ತಾರೀಕು ತಿಳಿಸ್ತೀನಿ,” ಎಂದರು.